ಮನೆಯಲ್ಲಿ ನಡೆಸುವ ಡೇಕೇರ್ ನಿಲ್ಲಿಸಬೇಕು, ಪೋಷಕರಿಗೆ ಎಷ್ಟು ಮೊದಲೇ ಹೇಳಬೇಕು? – ತುಮಕೂರು

ಬಟವಾಡಿ ಮನೆ
ಎಲ್ಲರಿಗೂ ನಮಸ್ಕಾರ. ಬಟವಾಡಿಯಲ್ಲಿ ನಮ್ಮ ಮನೆಯಲ್ಲೇ ಚಿಕ್ಕದಾಗಿ ಡೇಕೇರ್ ನಡೆಸುತ್ತಿದ್ದೇನೆ. ಈಗ ಐದು ಮಕ್ಕಳಿದ್ದಾರೆ. 11 ತಿಂಗಳ ಕೂಸು, ಒಂದೂವರೆ ವರ್ಷದ ಹುಡುಗ, ಮೂರು ವರ್ಷದ ಅವಳಿ ಹೆಣ್ಣುಮಕ್ಕಳು, ಮತ್ತೆ ಶಾಲೆ ಮುಗಿಸಿ ಮಧ್ಯಾಹ್ನ ಬರುವ ಯುಕೆಜಿ ಹುಡುಗಿ.

ನಮ್ಮ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿದೆ. ಸದ್ಯಕ್ಕೆ ಕೊರಟಗೆರೆಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಮಾರ್ಚ್ ಕೊನೆಗೆ ನಾನು ಕರೆದುಕೊಂಡು ಬರಬೇಕು. ಅವರನ್ನು ಎಬ್ಬಿಸಿ ಕೂರಿಸಿ ನಡೆಸುತ್ತಾ ಐದು ಮಕ್ಕಳನ್ನೂ ನೋಡಿಕೊಳ್ಳುವುದು ಆಗುವ ಮಾತಲ್ಲ. ಮಾರ್ಚ್ 31ಕ್ಕೆ ನಿಲ್ಲಿಸಬೇಕು ಅಂತ ತೀರ್ಮಾನ ಮಾಡಿದ್ದೇನೆ. ಈಗ ಜನವರಿ ಕೊನೆ.

ಕೇಳಬೇಕಾಗಿರುವುದು ಇಷ್ಟು. ಈಗಲೇ ಹೇಳಲಾ, ಇಲ್ಲ ಮಾರ್ಚ್ 1ಕ್ಕೆ ಹೇಳಲಾ? ಎಲ್ಲರಿಗೂ ಒಂದೇ ದಿನ ಹೇಳಬೇಕಾ? ಎಲ್ಲರಿಂದಲೂ ಒಂದು ತಿಂಗಳ ಅಡ್ವಾನ್ಸ್ ತೆಗೆದುಕೊಂಡಿದ್ದೇನೆ, ಬರವಣಿಗೆಯಲ್ಲಿ ಏನೂ ಇಲ್ಲ. ಅದನ್ನು ಹೇಗೆ ಚುಕ್ತಾ ಮಾಡುವುದು? ಇನ್ನೊಂದು, ಒಂದು ಮನೆಯವರು ಪ್ರತಿ ತಿಂಗಳೂ ಫೀಸ್ ತಡ ಮಾಡುತ್ತಾರೆ, ಸಂಜೆ ಕರೆದುಕೊಂಡು ಹೋಗುವುದೂ ತಡ. ಅವರಿಗೂ ಅಷ್ಟೇ ಸಮಯ ಕೊಡಬೇಕಾ?

ಗುಬ್ಬಿ ಗೇಟ್
ಒಂದು ತಿಂಗಳು ಸಾಕು. ಬಾಡಿಗೆ ಮನೆ ಖಾಲಿ ಮಾಡುವಾಗಲೂ ಸುಮಾರು ಜನ ಕೊಡುವುದು ಅಷ್ಟೇ. ಮಾರ್ಚ್ 1ಕ್ಕೆ ಹೇಳಿ.

ರೈಲ್ವೆ ಪಾಸ್
ಗುಬ್ಬಿ ಗೇಟ್ ಅವರೇ, ಬಾಡಿಗೆ ಮನೆ ಹುಡುಕುವುದೂ ಮಗುವಿಗೆ ಜಾಗ ಹುಡುಕುವುದೂ ಒಂದೇನಾ? ಮನೆ ಸಿಗದಿದ್ದರೆ ಮಾಲೀಕರನ್ನು ಕೇಳಿ ಇನ್ನೊಂದು ತಿಂಗಳು ಇರಬಹುದು. ಡೇಕೇರ್ ಬಾಗಿಲು ಮುಚ್ಚಿದರೆ ಮಾರನೇ ದಿನ ಬೆಳಿಗ್ಗೆ ಮಗುವನ್ನು ಎಲ್ಲಿ ಬಿಡುವುದು?

ನಾನು ದಿನಾ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತೇನೆ. 70 ಕಿಲೋಮೀಟರ್. ನನ್ನಂತೆ ಪಾಸ್ ಇಟ್ಟುಕೊಂಡು ಓಡಾಡುವ ತಾಯಂದಿರು ಎಷ್ಟೋ ಜನ. ಬೆಳಿಗ್ಗೆ ಏಳರೊಳಗೆ ಮಗುವನ್ನು ಇಟ್ಟುಕೊಳ್ಳುವವರು ಈ ಊರಿನಲ್ಲಿ ಬೆರಳೆಣಿಕೆ. ನನ್ನ ಮಗನಿಗೆ ಒಂದೂವರೆ ವರ್ಷ ಆಗಿದ್ದಾಗ ಅವನಿದ್ದ ಡೇಕೇರ್ ಒಂದೇ ವಾರದ ಅವಧಿ ಕೊಟ್ಟು ನಿಂತಿತು. ಶನಿವಾರ ಸಂಜೆ ಬ್ಯಾಗ್ ಕೈಗೆ ಕೊಡುವಾಗ ಹೇಳಿದರು. ರಜೆ ಎಲ್ಲ ಮುಗಿದು ಸಂಬಳ ಕಟ್ ಆಯಿತು. ಅದಕ್ಕಿಂತ ಸಂಕಟ ಆಗಿದ್ದು, ಆತುರದಲ್ಲಿ ಸಿಕ್ಕಿದ ಕಡೆ ಬಿಟ್ಟಿದ್ದು. ಅಲ್ಲಿ ಮಗ ಮಧ್ಯಾಹ್ನ ಮಲಗುತ್ತಲೇ ಇರಲಿಲ್ಲ. ನೋಡಿ, ವಿಚಾರಿಸಿ, ಮಗುವನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಅಭ್ಯಾಸ ಮಾಡಿಸಲು ನನಗೆ ಸಮಯವೇ ಇರಲಿಲ್ಲ.

ಬಟವಾಡಿ ಅಕ್ಕ, ದಯವಿಟ್ಟು ಈಗಲೇ ಹೇಳಿ. ಎರಡು ತಿಂಗಳು ಜಾಸ್ತಿ ಅಲ್ಲ.

ಶಿರಾ ಗೇಟ್ ಆಂಟಿ
ನಾನೂ ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವವಳು, ಬಹಳ ವರ್ಷದಿಂದ. ಪೋಷಕರ ಕಷ್ಟ ಗೊತ್ತು. ನಮ್ಮ ಕಷ್ಟವನ್ನೂ ಯಾರಾದರೂ ಹೇಳಬೇಕಲ್ಲ.

ಹೋದ ಸಲ ಮನೆ ರಿಪೇರಿಗೆ ಮೂರು ತಿಂಗಳು ನಿಲ್ಲಿಸಬೇಕಾಗಿ ಬಂದಾಗ ನಾನು ಎರಡು ತಿಂಗಳು ಮೊದಲೇ ಹೇಳಿದೆ. ಮುಂದಿನ ಸೋಮವಾರವೇ ಇಬ್ಬರು ಮಕ್ಕಳು ಬರಲಿಲ್ಲ. "ಬೇರೆ ಕಡೆ ಸೀಟ್ ಸಿಕ್ಕಿಬಿಟ್ಟಿತು ಆಂಟಿ" ಅಂತ ಫೋನ್ ಮಾಡಿದರು. ತಿಂಗಳು ಮುಗಿಯುವಷ್ಟರಲ್ಲಿ ಉಳಿದಿದ್ದು ಒಂದೇ ಮಗು. ಸಹಾಯಕ್ಕೆ ಬರುವ ಹೆಂಗಸಿಗೆ ಪೂರ್ತಿ ಸಂಬಳ, ಹಾಲಿನವರ ಲೆಕ್ಕ, ಗ್ಯಾಸ್, ಎಲ್ಲ ನನ್ನ ಕೈಯಿಂದಲೇ ಹೋಯಿತು. ಪೋಷಕರು ಮಗುವನ್ನು ಬಿಡಿಸುವಾಗ ನಮಗೆ ಎಷ್ಟು ದಿನ ಮೊದಲು ಹೇಳುತ್ತಾರೆ? ಹಿಂದಿನ ದಿನ ಸಂಜೆ! ನೋಟಿಸ್ ಅನ್ನುವುದು ಎರಡೂ ಕಡೆಗೆ ಇರಬೇಕು ಅಲ್ವಾ?

ಎಸ್.ಎಸ್.ಪುರಂ ತಾಯಿ
ಆಂಟಿ ಹೇಳಿದ್ದು ಸರಿ. ಆದರೆ ಅದಕ್ಕೆ ಮದ್ದು ಕಡಿಮೆ ನೋಟಿಸ್ ಕೊಡುವುದಲ್ಲ. ಸೇರಿಸಿಕೊಳ್ಳುವ ದಿನವೇ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. "ಬಿಡಿಸುವುದಾದರೆ ನೀವು ಒಂದು ತಿಂಗಳು ಮೊದಲು ಹೇಳಬೇಕು, ನಿಲ್ಲಿಸುವುದಾದರೆ ನಾವು ಎರಡು ತಿಂಗಳು ಮೊದಲು ಹೇಳುತ್ತೇವೆ, ಹೇಳದಿದ್ದರೆ ಅಡ್ವಾನ್ಸ್ ಹೀಗೆ." ಇಷ್ಟೇ.

ಗುಬ್ಬಿ ಗೇಟ್
ನಮ್ಮ ಊರಲ್ಲಿ ಯಾರು ಮೇಡಂ ಹಾಳೆ ಎಲ್ಲ ಬರೆದುಕೊಳ್ಳುತ್ತಾರೆ? ಪಕ್ಕದ ಬೀದಿಯವರು, ಗುರುತಿನವರು. ಸಹಿ ಹಾಕಿ ಅಂದರೆ ಮುಖ ತಿರುಗಿಸುತ್ತಾರೆ.

ಎಸ್.ಎಸ್.ಪುರಂ ತಾಯಿ
ಗುರುತಿನವರ ಜೊತೆಗೇ ಬರೆದುಕೊಳ್ಳಬೇಕು. ಆಮೇಲೆ ಮಾತು ಬಿಡುವುದಕ್ಕಿಂತ ಅದು ಮೇಲು.

ಕೋರ್ಟ್ ರಸ್ತೆ
ಕಾನೂನು ಕಡೆಯಿಂದ ನಾಲ್ಕು ಮಾತು. ಬರವಣಿಗೆ ಇಲ್ಲ ಅಂದ ಮಾತ್ರಕ್ಕೆ ಒಪ್ಪಂದ ಇಲ್ಲ ಅಂತ ಅಲ್ಲ. 1872ರ ಭಾರತೀಯ ಕರಾರು ಕಾಯ್ದೆ ಪ್ರಕಾರ ಬಾಯಿ ಮಾತಿನ ಒಪ್ಪಂದವೂ ಒಪ್ಪಂದವೇ. ಜಗಳ ಬಂದಾಗ ಸಾಬೀತು ಮಾಡುವುದು ಕಷ್ಟ, ಅಷ್ಟೇ. ಅದಕ್ಕೇ ಬರೆದಿಡಿ ಅನ್ನುವುದು. ಇಂಥದ್ದಕ್ಕೆ ವಕೀಲರ ಹತ್ತಿರ ಹೋಗಿ ದೊಡ್ಡ ಪತ್ರ ಮಾಡಿಸಬೇಕಾಗಿಲ್ಲ. ವಾಟ್ಸಾಪ್‌ನಲ್ಲಿ ನೀವು ಕಳಿಸಿ, ಅವರು "ಸರಿ" ಅಂತ ಉತ್ತರ ಕೊಟ್ಟರೂ ಅದು ದಾಖಲೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಯನ್ನು ಒಪ್ಪುತ್ತದೆ.

ಅಡ್ವಾನ್ಸ್ ವಿಷಯ. ನಿಲ್ಲಿಸುತ್ತಿರುವುದು ನೀವು. ಹಾಗಾಗಿ ಆ ದುಡ್ಡು ಪೋಷಕರದ್ದು. ಕೊನೆಯ ತಿಂಗಳ ಫೀಸ್‌ಗೆ ಹಿಡಿದುಕೊಳ್ಳಿ ಇಲ್ಲವೇ ವಾಪಸ್ ಕೊಡಿ. ಯಾವುದು ಅಂತ ಈಗಲೇ ಹೇಳಿಬಿಡಿ. ದುಡ್ಡು ತೆಗೆದುಕೊಂಡು ಕೊಡುವ ಸೇವೆ ಇದು, ತೀರಾ ಮನಸ್ತಾಪ ಬಂದರೆ 2019ರ ಗ್ರಾಹಕರ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹೋಗಬಹುದು. ಹೆದರಿಸಲು ಹೇಳುತ್ತಿಲ್ಲ. ಲೆಕ್ಕ ಚೊಕ್ಕವಾಗಿದ್ದರೆ ಯಾರೂ ಅಲ್ಲಿವರೆಗೆ ಹೋಗುವುದಿಲ್ಲ.

ಅವಳಿಗಳ ಅಪ್ಪ
ಇವರ ಡೇಕೇರ್‌ನ ಅವಳಿಗಳಲ್ಲ, ನನಗೂ ಅವಳಿ ಮಕ್ಕಳೇ, ಹೆಸರು ನೋಡಿ ಗೊಂದಲ ಬೇಡ.

ಎಲ್ಲರೂ ಎಷ್ಟು ದಿನ ಅಂತ ಮಾತಾಡುತ್ತಿದ್ದೀರಿ. ಯಾವ ತಾರೀಖು ಅಂತ ಯಾರೂ ನೋಡುತ್ತಿಲ್ಲ. ಮಾರ್ಚ್ 31ಕ್ಕೆ ನಿಂತರೆ ಏಪ್ರಿಲ್, ಮೇ ಏನು ಮಾಡುವುದು? ಮೂರು ವರ್ಷದ ಮಕ್ಕಳನ್ನು ಪ್ರೀ ಕೆಜಿಗೆ ಸೇರಿಸೋಣ ಅಂದರೂ ತರಗತಿ ಶುರುವಾಗುವುದು ಜೂನ್ ಹೊತ್ತಿಗೆ. ಯುಕೆಜಿ ಹುಡುಗಿಗೆ ಏಪ್ರಿಲ್ ಎರಡನೇ ವಾರದಿಂದ ಬೇಸಿಗೆ ರಜೆ. ಆಗ ಅವಳಿಗೆ ಮಧ್ಯಾಹ್ನ ಅಲ್ಲ, ಇಡೀ ದಿನ ಜಾಗ ಬೇಕು. ಬೇರೆ ಡೇಕೇರ್‌ಗಳೂ ರಜೆಯಲ್ಲಿ ತುಂಬಿರುತ್ತವೆ. ಮೇ ಕೊನೆವರೆಗೆ ನಡೆಸಲು ಆಗುತ್ತದಾ ನೋಡಿ.

ಕೊರಟಗೆರೆ ಹುಡುಗಿ
ಅವರ ಅಮ್ಮನಿಗೆ ಸೊಂಟದ ಆಪರೇಷನ್ ಆಗಿದೆ ಅಂದರೂ ಮೇವರೆಗೆ ನಡೆಸಿ ಅಂತೀರಲ್ಲ. ಸೊಂಟ ಮುರಿದ ವಯಸ್ಸಾದವರನ್ನು ನೋಡಿಕೊಂಡಿದ್ದೀರಾ? ಬಾತ್‌ರೂಮಿಗೆ ಹೋಗಲೂ ಜೊತೆಗೆ ಒಬ್ಬರು ಬೇಕು. ಮತ್ತೆ ಬೀಳದ ಹಾಗೆ ಕಣ್ಣಿಟ್ಟಿರಬೇಕು. ನಡೆಯುವ ದಾರಿಯಲ್ಲಿ ಆಟದ ಸಾಮಾನು ಬಿದ್ದಿದ್ದರೆ ಏನು ಗತಿ?

ಅವಳಿಗಳ ಅಪ್ಪ
ನಾನು ಬೇಕು ಅಂತ ಒತ್ತಾಯ ಮಾಡಿಲ್ಲ ತಂಗಿ. ಆಗುತ್ತದಾ ನೋಡಿ ಅಂದೆ. ಆಗದಿದ್ದರೆ, ಈ ಕಾರಣಕ್ಕೇ ಈಗಲೇ ಹೇಳಬೇಕು. ಫೆಬ್ರವರಿಯಲ್ಲಿ ಶಾಲೆಗಳ ಅಡ್ಮಿಷನ್ ನಡೆಯುತ್ತಿರುತ್ತದೆ. ಮಾರ್ಚ್‌ನಲ್ಲಿ ಹೇಳಿದರೆ ಅದೂ ಕೈತಪ್ಪುತ್ತದೆ.

ರೈಲ್ವೆ ಪಾಸ್
ಅಡ್ಮಿಷನ್ ಅಂದಾಗ ನೆನಪಾಯಿತು. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಅನ್ನುವ ನಿಯಮ ಬಂತಲ್ಲ. 2025–26ನೇ ಸಾಲಿಗೆ 5 ವರ್ಷ 5 ತಿಂಗಳು ಅಂತ ಸಡಿಲ ಮಾಡಿದ್ದರು. ಆ 6 ವರ್ಷದಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಎಲ್‌ಕೆಜಿಗೆ 4 ವರ್ಷ ಬೇಕು. ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳು ಇನ್ನೊಂದು ವರ್ಷ ಕಾಯಬೇಕು. ಅಷ್ಟು ದಿನ ಡೇಕೇರ್ ಬಿಟ್ಟರೆ ಗತಿ ಇಲ್ಲ. ಮೊದಲಿನಂತೆ ಮೂರು ವರ್ಷಕ್ಕೇ ಶಾಲೆ ಅಂತ ಸೇರಿಸಿ ಕೈತೊಳೆದುಕೊಳ್ಳಲು ಆಗುವುದಿಲ್ಲ.

ಗುಬ್ಬಿ ಗೇಟ್
ನನ್ನ ಮಗಳು ಆಗಸ್ಟ್‌ನವಳು. ಆ ಗೋಳು ನನಗೆ ಗೊತ್ತು.

ಅಂಗನವಾಡಿ ಟೀಚರ್
ಮೂರು ವರ್ಷ ಆದ ಮಕ್ಕಳಿಗೆ ನಮ್ಮಲ್ಲಿ ಬರಲು ಹೇಳಿ. ಶಾಲಾಪೂರ್ವ ಶಿಕ್ಷಣ 3ರಿಂದ 6 ವರ್ಷದವರಿಗೆ ಇದೆ. 1975ರಿಂದ ನಡೆಯುತ್ತಿರುವ ಕಾರ್ಯಕ್ರಮ ಇದು. ಹಾಡು, ಆಟ, ಬಿಸಿ ಊಟ ಎಲ್ಲ ಇದೆ. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಪೌಷ್ಟಿಕ ಆಹಾರ ಮನೆಗೆ ಕೊಡುತ್ತೇವೆ. ಪೇಟೆಯ ತಾಯಂದಿರು ಅಂಗನವಾಡಿ ಅಂದರೆ ಮೂಗು ಮುರಿಯುತ್ತಾರೆ, ಅದಕ್ಕೆ ಬೇಸರ.

ಎಸ್.ಎಸ್.ಪುರಂ ತಾಯಿ
ಟೀಚರ್, ಮೂಗು ಮುರಿಯುತ್ತಿಲ್ಲ. ನಮ್ಮ ಬೀದಿಯ ಅಂಗನವಾಡಿ ಚೆನ್ನಾಗಿದೆ. ಆದರೆ ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮಗುವನ್ನು ಇಟ್ಟುಕೊಳ್ಳಲು ಆಗುತ್ತದಾ? ನಮಗೆ ಬೇಕಾಗಿರುವುದು ಅದು.

ಅಂಗನವಾಡಿ ಟೀಚರ್
ಅಷ್ಟು ಹೊತ್ತು ಆಗುವುದಿಲ್ಲ, ನಿಜ. ಹಳ್ಳಿ ಕಡೆ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಅಂತ ಮಾಡಿದ್ದಾರೆ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. 2023–24ರ ಬಜೆಟ್‌ನಲ್ಲಿ ಬಂದಿದ್ದು. ಪೇಟೆಯಲ್ಲೂ ಅಂಥದ್ದು ಬೇಕು ಅಂತ ನಾವೂ ಕೇಳುತ್ತಿದ್ದೇವೆ.

ವಸಂತನರಸಾಪುರ ಶಿಫ್ಟ್
50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿದ್ದರೆ ಕಂಪನಿಯೇ ಶಿಶುಪಾಲನಾ ಕೇಂದ್ರ ಕೊಡಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲೇ ಬಂದ ನಿಯಮ. ದಿನಕ್ಕೆ ನಾಲ್ಕು ಸಲ ತಾಯಿ ಹೋಗಿ ಮಗುವನ್ನು ನೋಡಿ ಬರಬಹುದು. ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿದ್ದೂ ಅದರಲ್ಲೇ. ಆರು ತಿಂಗಳ ರಜೆ ಮುಗಿಯುತ್ತದೆ, ಆರು ತಿಂಗಳ ಕೂಸು ಕೈಯಲ್ಲಿರುತ್ತದೆ, ಆಮೇಲೆ ಎಲ್ಲಿಗೆ? ನಾನಿದ್ದ ಹಿಂದಿನ ಫ್ಯಾಕ್ಟರಿಯಲ್ಲಿ ಒಂದು ರೂಮಿಗೆ ಬೋರ್ಡ್ ಹಾಕಿ ಬೀಗ ಹಾಕಿದ್ದರು. ಕೇಳಿದವರಿಗೆ "ಮಕ್ಕಳೇ ಬರುವುದಿಲ್ಲ" ಅನ್ನುತ್ತಿದ್ದರು. ಈಗಿರುವ ಕಡೆ ನಾಲ್ಕೈದು ಜನ ಸೇರಿ ಬರೆದುಕೊಟ್ಟೆವು. ಒಬ್ಬ ಆಯಾ ಬಂದಿದ್ದಾರೆ, ತೊಟ್ಟಿಲು ಬಂದಿದೆ. ಒಬ್ಬರೇ ಕೇಳಿದರೆ ಆಗಲ್ಲ, ಸೇರಿ ಕೇಳಿ.

ಸರಸ್ವತಿಪುರಂ ಅಜ್ಜಿ
ನಾನು ಪಾವಗಡದಿಂದ ಬಸ್ಸಿನಲ್ಲಿ ಬಂದು ಮೊಮ್ಮಗನನ್ನು ನೋಡಿಕೊಂಡು ಹೋಗುತ್ತಿದ್ದೆ. ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ಎಲ್ಲ ಮನೆಗಳಲ್ಲೂ "ಅಜ್ಜಿ ಬರಲಿ" ಅಂತ ಶುರುವಾಗಿದೆ. 2023ರ ಜೂನ್‌ನಿಂದ ಟಿಕೆಟ್ ಇಲ್ಲ, ನಿಜ. ಮಂಡಿನೋವು ಹಾಗೇ ಇದೆಯಲ್ಲ. ಕೊನೆಗೆ ಇಲ್ಲಿಗೇ ಬಂದು ಇದ್ದುಬಿಟ್ಟೆ. ಮಗುವನ್ನು ನೋಡಿಕೊಳ್ಳುವುದು ಸಂತೋಷವೇ. ಆದರೆ ನಮಗೂ ಯಾರಾದರೂ ಮೊದಲೇ ಹೇಳಬೇಕು. "ನಾಳೆಯಿಂದ ಡೇಕೇರ್ ಇಲ್ಲ, ಇವತ್ತೇ ಹೊರಟು ಬಾ" ಅಂತ ಫೋನ್ ಬಂದರೆ ಊರಲ್ಲಿ ಹಸು ಯಾರ ಕೈಗೆ ಕೊಡುವುದು?

ಕೊರಟಗೆರೆ ಹುಡುಗಿ
ಅಜ್ಜಿ, ನಿಮ್ಮ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಅಜ್ಜಿಯರನ್ನು ಕೇಳದೇ ಲೆಕ್ಕಕ್ಕೆ ಹಿಡಿಯುತ್ತಾರೆ.

ಮೂಡಲ ಮನೆ
ನಾವು ವಿಷಯ ಬಿಟ್ಟು ಎಲ್ಲೋ ಹೋದೆವು. ಫೀಸ್ ತಡ ಮಾಡುವ ಮನೆಯವರ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಅಭಿಪ್ರಾಯ, ಅವರಿಗೆ ಎರಡು ವಾರ ಸಾಕು. ಇಷ್ಟು ದಿನ ಸಹಿಸಿಕೊಂಡಿದ್ದೇ ದೊಡ್ಡದು.

ರೈಲ್ವೆ ಪಾಸ್
ಮಗು ಏನು ಮಾಡಿತು? ಫೀಸ್ ತಡ ಮಾಡಿದ್ದು ಅಪ್ಪ ಅಮ್ಮ.

ಮೂಡಲ ಮನೆ
ಹಾಗಾದರೆ ದುಡ್ಡು ಕೊಡದೇ ಇರುವವರಿಗೂ ಸರಿಯಾಗಿ ಕೊಡುವವರಿಗೂ ವ್ಯತ್ಯಾಸವೇ ಬೇಡವೇ?

ಶಿರಾ ಗೇಟ್ ಆಂಟಿ
ವ್ಯತ್ಯಾಸ ಇರಲಿ, ಆದರೆ ಅದನ್ನು ಮಾಡುವ ಸಮಯ ಇದಲ್ಲ. ಫೀಸ್ ಬಾಕಿಗೆ ಮಗುವನ್ನು ಬಿಡಿಸಬೇಕು ಅಂತಿದ್ದರೆ ಬಾಕಿ ಬಂದ ತಿಂಗಳಲ್ಲೇ ಕೂರಿಸಿ ಮಾತಾಡಬೇಕಿತ್ತು. "ಇಷ್ಟನೇ ತಾರೀಖಿನೊಳಗೆ ಬರದಿದ್ದರೆ ಎರಡು ವಾರದಲ್ಲಿ ಬೇರೆ ಕಡೆ ನೋಡಿಕೊಳ್ಳಿ" ಅಂತ. ಈಗ ನಿಲ್ಲಿಸುತ್ತಿರುವುದು ಅಮ್ಮನ ಕಾರಣಕ್ಕೆ. ಕಾರಣ ಎಲ್ಲರಿಗೂ ಒಂದೇ, ತಾರೀಖೂ ಒಂದೇ ಇರಬೇಕು. ಒಬ್ಬರಿಗೆ ಬೇರೆ ತಾರೀಖು ಕೊಟ್ಟರೆ ಗೇಟ್ ಹತ್ತಿರ ಅವರವರೇ ಮಾತಾಡಿಕೊಂಡು ಗೊತ್ತಾಗುತ್ತದೆ.

ಬಟವಾಡಿ ಮನೆ
ಎಲ್ಲರ ಮಾತನ್ನೂ ಓದಿದೆ. ಆ ಮನೆಯವರ ಬಗ್ಗೆ ಒಂದು ಮಾತು. ಅಪ್ಪ ಆಟೋ ಓಡಿಸುತ್ತಾರೆ, ಅಮ್ಮನಿಗೆ ಅಂತರಸನಹಳ್ಳಿ ಕಡೆ ಫ್ಯಾಕ್ಟರಿ ಕೆಲಸ. ಕೊಡುವುದಿಲ್ಲ ಅಂತ ಅಲ್ಲ, ಎರಡು ಮೂರು ಕಂತಿನಲ್ಲಿ ಕೊಡುತ್ತಾರೆ. ಓವರ್‌ಟೈಮ್ ಇದ್ದ ದಿನ ತಡ. ಆ ಒಂದೂವರೆ ವರ್ಷದ ಹುಡುಗ ಅವರ ಮಗನೇ. ಎಲ್ಲರಿಗೂ ಒಂದೇ ತಾರೀಖು ಅಂತ ತೀರ್ಮಾನ ಮಾಡಿದೆ. ಮೇವರೆಗೆ ಆಗುವುದಿಲ್ಲ, ಅತ್ತಿಗೆಗೂ ಹುಷಾರಿಲ್ಲ. ಹಾಗಾಗಿ ಮಾರ್ಚ್ 31, ಆದರೆ ಈ ವಾರವೇ ಹೇಳುತ್ತೇನೆ.

ಪತ್ರ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ಪ್ರೀತಿಯ ಪೋಷಕರೇ, ಈ ವಿಷಯ ಹೇಳಲು ತುಂಬಾ ಬೇಸರವಾಗುತ್ತಿದೆ, ದಯವಿಟ್ಟು ಕ್ಷಮಿಸಿ. ನಮ್ಮ ತಾಯಿಗೆ ಬಲ ಸೊಂಟದ ಮೂಳೆ ಮುರಿದು ರಾಡ್ ಹಾಕಿದ್ದಾರೆ, ಸಕ್ಕರೆ ಕಾಯಿಲೆಯೂ ಇದೆ, ಗಾಯ ಒಣಗುತ್ತಿಲ್ಲ. ಅಣ್ಣನ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಹಾಗಾಗಿ ಡೇಕೇರ್ ಮುಂದುವರಿಸುವುದು ಕಷ್ಟವಾಗಬಹುದು. ಬಹುಶಃ ಮಾರ್ಚ್ ಕೊನೆಯ ಹೊತ್ತಿಗೆ ನಿಲ್ಲಿಸಬೇಕಾಗಬಹುದು. ನಿಮಗೆ ತೊಂದರೆಯಾಗುತ್ತಿರುವುದಕ್ಕೆ ಮತ್ತೆ ಕ್ಷಮೆ ಕೇಳುತ್ತೇನೆ."

ಕೋರ್ಟ್ ರಸ್ತೆ
"ಕಷ್ಟವಾಗಬಹುದು", "ಬಹುಶಃ", "ನಿಲ್ಲಿಸಬೇಕಾಗಬಹುದು" ಮೂರನ್ನೂ ತೆಗೆಯಿರಿ. ಇದನ್ನು ಓದಿದವರು "ಹೇಗೂ ಮುಂದುವರಿಸುತ್ತಾರೆ" ಅಂದುಕೊಂಡು ಸುಮ್ಮನಿದ್ದುಬಿಡುತ್ತಾರೆ. ಕೊನೆಯ ದಿನ ಸ್ಪಷ್ಟವಾಗಿರಲಿ. ತಾಯಿಯ ಕಾಯಿಲೆಯ ವಿವರ ಇಷ್ಟು ಬೇಡ. ಅದು ಅವರ ಸ್ವಂತ ವಿಷಯ, ಪತ್ರ ಎಲ್ಲರ ಫೋನಿನಲ್ಲೂ ಉಳಿಯುತ್ತದೆ. ಅಡ್ವಾನ್ಸ್ ಬಗ್ಗೆ ಒಂದು ಸಾಲೂ ಇಲ್ಲ. ಅವರು ಮೊದಲು ಹುಡುಕುವುದು ಅದನ್ನೇ.

ಎಸ್.ಎಸ್.ಪುರಂ ತಾಯಿ
ನಾನು ತಾಯಿಯಾಗಿ ಓದುವುದಾದರೆ ಹೀಗಿದ್ದರೆ ಸಾಕು:

"ನಮಸ್ಕಾರ. ನಮ್ಮ ತಾಯಿಯನ್ನು ನೋಡಿಕೊಳ್ಳಬೇಕಾಗಿರುವುದರಿಂದ ನಮ್ಮ ಮನೆಯ ಡೇಕೇರ್ ಮಾರ್ಚ್ 31ಕ್ಕೆ ನಿಲ್ಲುತ್ತದೆ. ಅಲ್ಲಿಯವರೆಗೆ ಸಮಯ, ಊಟ, ಎಲ್ಲ ಈಗಿನ ಹಾಗೇ ಇರುತ್ತದೆ. ನೀವು ಕೊಟ್ಟ ಒಂದು ತಿಂಗಳ ಅಡ್ವಾನ್ಸ್ ಮಾರ್ಚ್ ಫೀಸ್‌ಗೆ ಹೊಂದಿಕೆಯಾಗುತ್ತದೆ, ಮಾರ್ಚ್‌ನಲ್ಲಿ ಫೀಸ್ ಕೊಡಬೇಕಾಗಿಲ್ಲ. ಮೊದಲೇ ಬೇರೆ ಕಡೆ ಸೇರಿಸುವುದಾದರೆ ಎರಡು ವಾರ ಮುಂಚೆ ತಿಳಿಸಿ. ಹೊಸ ಜಾಗ ನೋಡಲು ಸಹಾಯ ಮಾಡುತ್ತೇನೆ. ಹೊಸಬರು ಫೋನ್ ಮಾಡಿದರೆ ಮಗುವಿನ ಬಗ್ಗೆ ಮಾತಾಡುತ್ತೇನೆ. ನಿಮ್ಮ ಮಗುವನ್ನು ನಂಬಿ ಬಿಟ್ಟಿದ್ದಕ್ಕೆ ನಮ್ಮ ಮನೆಯವರೆಲ್ಲರ ಪರವಾಗಿ ಧನ್ಯವಾದ."

ಬಟವಾಡಿ ಮನೆ
ಇದು ತುಂಬಾ ಚೆನ್ನಾಗಿದೆ. ನಿಮ್ಮ ಒಪ್ಪಿಗೆ ಇದ್ದರೆ ಹೀಗೇ ಕಳಿಸುತ್ತೇನೆ.

ಅವಳಿಗಳ ಅಪ್ಪ
ಮೊದಲು ಬಾಯಲ್ಲಿ ಹೇಳಿ, ಆಮೇಲೆ ಮೆಸೇಜ್. ಆಫೀಸಿನಲ್ಲಿ ಕೂತಿರುವಾಗ ಇಂಥ ಮೆಸೇಜ್ ಬಂದರೆ ಕೈಕಾಲು ಆಡುವುದಿಲ್ಲ. ಒಂದೇ ಸಂಜೆ ಎಲ್ಲರಿಗೂ ಹೇಳಿ ಮುಗಿಸಿ. ಗ್ರೂಪ್‌ನಲ್ಲಿ ಹಾಕಬೇಡಿ, ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸಿ.

ಮೂಡಲ ಮನೆ
ಸಹಾಯಕ್ಕೆ ಯಾರಾದರೂ ಬರುತ್ತಾರಾ ನಿಮ್ಮಲ್ಲಿ? ಅವರಿಗೆ ಹೇಳಿದ್ದೀರಾ?

ಬಟವಾಡಿ ಮನೆ
ಬರುತ್ತಾರೆ, ಮರಳೂರಿನಿಂದ ಒಬ್ಬ ಅಕ್ಕ. ಪೋಷಕರಿಗಿಂತ ಮೊದಲು ಅವರಿಗೇ ಹೇಳಿದೆ. ಅಮ್ಮ ಬಂದ ಮೇಲೆ ಬೆಳಿಗ್ಗೆ ಸ್ವಲ್ಪ ಹೊತ್ತು ನಮ್ಮಲ್ಲೇ ಬರುತ್ತೇನೆ ಅಂದಿದ್ದಾರೆ. ಉಳಿದ ಹೊತ್ತಿಗೆ ಅವರಿಗೂ ಕೆಲಸ ಹುಡುಕಬೇಕು.

ಹೊಸ ಅಮ್ಮ
ಸಂಬಂಧಪಟ್ಟ ಇನ್ನೊಂದು ಪ್ರಶ್ನೆ ಕೇಳಬಹುದಾ? ನನ್ನ ಎರಡು ವರ್ಷದ ಮಗ ಬೇರೆ ಮಕ್ಕಳನ್ನು ಕಚ್ಚುತ್ತಾನೆ ಅಂತ ನಮ್ಮ ಡೇಕೇರ್‌ನವರು "ನಾಳೆಯಿಂದ ಕಳಿಸಬೇಡಿ" ಅಂದರು. ಹೀಗೆ ಮಾಡಬಹುದಾ?

ಗುಬ್ಬಿ ಗೇಟ್
ಕಚ್ಚಿಸಿಕೊಂಡ ಮಗುವಿನ ತಾಯಿಯಾಗಿ ಯೋಚಿಸಿ ಮೇಡಂ.

ಶಿರಾ ಗೇಟ್ ಆಂಟಿ
ಎರಡು ವರ್ಷದ ಮಗು ಕಚ್ಚುವುದು ಹೊಸದಲ್ಲ. ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ, ಹಲ್ಲು ಬರುತ್ತಿರುತ್ತದೆ. ನಾನು ಮೊದಲ ಸಲ ಕಚ್ಚಿದ ದಿನವೇ ಎರಡೂ ಮನೆಯವರಿಗೆ ಹೇಳುತ್ತೇನೆ, ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಯಾವ ಹೊತ್ತಿಗೆ, ಯಾರ ಜೊತೆ, ಯಾವ ಆಟದ ಸಾಮಾನಿಗೆ. ಸಾಮಾನ್ಯವಾಗಿ ಹಸಿವು, ನಿದ್ದೆ ಹೊತ್ತಿಗೇ ಇರುತ್ತದೆ. ಆ ಹೊತ್ತು ಪಕ್ಕದಲ್ಲಿ ಕೂತರೆ ಅರ್ಧ ಕಡಿಮೆಯಾಗುತ್ತದೆ. ಅಷ್ಟಾದರೂ ನಿಲ್ಲದಿದ್ದರೆ ಎರಡು ವಾರ ಕೊಟ್ಟು ಕಳಿಸುವುದು. ಒಂದೇ ಮಾತಿಗೆ ನಾಳೆಯಿಂದ ಬೇಡ ಅನ್ನುವುದು ಬೇರೆ ಮಗುವಿನ ಜೀವಕ್ಕೇ ಅಪಾಯ ಅನ್ನುವಂಥ ಸಂದರ್ಭಕ್ಕೆ ಮಾತ್ರ.

ಹೊಸ ಅಮ್ಮ
ನನಗೆ ಮೊದಲು ಒಂದು ಸಲವೂ ಹೇಳಿರಲಿಲ್ಲ ಆಂಟಿ. ಅದಕ್ಕೇ ಅಳು ಬಂತು.

ಶಿರಾ ಗೇಟ್ ಆಂಟಿ
ಕರೆದುಕೊಂಡು ಬನ್ನಿ ಮಗಳೇ, ಒಂದು ವಾರ ನೋಡೋಣ. ನಂಬರ್ ಖಾಸಗಿಯಾಗಿ ಕಳಿಸುತ್ತೇನೆ.

ಕ್ಯಾತ್ಸಂದ್ರ ಪ್ಲೇಹೋಮ್
ಬಟವಾಡಿ ಅವರೇ, ಮಕ್ಕಳಿಗೆ ಹೇಗೆ ಹೇಳುತ್ತೀರಿ ಅಂತಲೂ ಯೋಚಿಸಿ. 11 ತಿಂಗಳ ಕೂಸಿಗೆ ಮಾತಿನಲ್ಲಿ ಹೇಳುವುದೇನೂ ಇಲ್ಲ, ಆದರೆ ಹೊಸಬರನ್ನು ಕಂಡರೆ ಹೆದರುವ ವಯಸ್ಸು ಅದೇ. ಎಂಟು ಒಂಬತ್ತು ತಿಂಗಳಿಂದ ಒಂದೂವರೆ ವರ್ಷದವರೆಗೆ ಅಪ್ಪ ಅಮ್ಮನನ್ನು ಬಿಟ್ಟರೆ ಅಳು ಜೋರು. ಅದಕ್ಕೆ ಒಂದು ದಿನ ಇಲ್ಲಿ, ಮಾರನೇ ದಿನ ಅಲ್ಲಿ ಅಂತ ಆಗಬಾರದು. ಒಂದು ವಾರ ಎರಡೂ ಕಡೆ ಇರಲಿ. ಮೊದಲ ದಿನ ತಾಯಿಯ ಜೊತೆ ಅರ್ಧ ಗಂಟೆ, ಆಮೇಲೆ ಹೆಚ್ಚಿಸುತ್ತಾ ಹೋಗುವುದು.

ಮೂರು ವರ್ಷದವರಿಗೆ ಎರಡು ತಿಂಗಳು ಮೊದಲು ಹೇಳಿದರೆ ದಿನಾ "ಇವತ್ತಾ? ನಾಳೆನಾ?" ಅಂತ ಕೇಳುತ್ತಾರೆ. ಕೊನೆಯ ವಾರದಲ್ಲಿ ಹೇಳಿ. "ಆಂಟಿ ಅವರ ಅಮ್ಮನನ್ನು ನೋಡಿಕೊಳ್ಳುತ್ತಾರೆ, ನೀವು ಹೊಸ ಮನೆಗೆ ಆಟಕ್ಕೆ ಹೋಗುತ್ತೀರಿ." ನೀವು ತಂಟೆ ಮಾಡಿದ್ದಕ್ಕೆ ನಿಲ್ಲಿಸಿದ್ದಲ್ಲ ಅನ್ನುವುದನ್ನು ಬಾಯಿ ಬಿಟ್ಟು ಹೇಳಿ. ಯುಕೆಜಿ ಹುಡುಗಿಗೆ ಇದು ಮುಖ್ಯ. ಆ ವಯಸ್ಸಿನವರು ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ಇನ್ನೊಂದು ಕೆಲಸ, ಪ್ರತಿ ಮಗುವಿಗೆ ಒಂದು ಪುಟ ಬರೆದುಕೊಡಿ. ರಾಗಿ ಸರಿ ಎಷ್ಟು ತೆಳ್ಳಗೆ ಬೇಕು, ಬೆಲ್ಲ ಹಾಕುತ್ತೀರಾ ಇಲ್ಲವಾ, ಯಾವ ಮಗ್ಗುಲಿಗೆ ಮಲಗುತ್ತದೆ, ನೀರು ಬೇಕಾದಾಗ ಏನನ್ನುತ್ತದೆ, ಯಾವುದಕ್ಕೆ ಅಲರ್ಜಿ, ಯಾವ ಹಾಡಿಗೆ ಅಳು ನಿಲ್ಲಿಸುತ್ತದೆ. ನನ್ನಲ್ಲಿಗೆ ಬೇರೆ ಕಡೆಯಿಂದ ಬರುವ ಮಕ್ಕಳ ಜೊತೆ ಇಂಥ ಪುಟ ಬಂದರೆ ನಾನು ಕಣ್ಣಿಗೆ ಒತ್ತಿಕೊಳ್ಳುತ್ತೇನೆ.

ರೈಲ್ವೆ ಪಾಸ್
ಇಂಥ ಪುಟ ನನಗೆ ಸಿಕ್ಕಿದ್ದರೆ ಮಗನಿಗೆ ಆ ತಿಂಗಳು ಎಷ್ಟೋ ಹಗುರವಾಗುತ್ತಿತ್ತು.

ಬಟವಾಡಿ ಮನೆ
ಹೇಳಿ ಆಯಿತು. ಶನಿವಾರ ಸಂಜೆ ಒಬ್ಬೊಬ್ಬರನ್ನೇ ಒಳಗೆ ಕರೆದು ಕೂರಿಸಿ ಹೇಳಿದೆ, ರಾತ್ರಿ ಮೆಸೇಜ್ ಕಳಿಸಿದೆ. ಎಲ್ಲರೂ "ಸರಿ" ಅಂತ ಉತ್ತರ ಕೊಟ್ಟಿದ್ದಾರೆ.

ಅವಳಿಗಳ ಅಮ್ಮನಿಗೆ ಕೋಪ ಬಂತು. ಏಪ್ರಿಲ್, ಮೇ ಏನು ಮಾಡಲಿ ಅಂತಲೇ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಯುಕೆಜಿ ಹುಡುಗಿಯ ಮನೆಯವರು ಅಜ್ಜಿಯನ್ನು ಕೇಳುತ್ತೇವೆ ಅಂದರು. ಇಲ್ಲಿನ ಅಜ್ಜಿಯ ಮಾತು ನೆನಪಾಗಿ, ಈಗಲೇ ಕೇಳಿ, ಅವರಿಗೂ ಸಮಯ ಕೊಡಿ ಅಂದೆ. ಆಟೋ ಅಣ್ಣ ಬಾಕಿಯನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ, ಮಾರ್ಚ್ ಫೀಸ್ ಬೇರೆ ಕೊಡುತ್ತೇನೆ ಅಂದರು. ಬರೆದು ಇಬ್ಬರೂ ಸಹಿ ಹಾಕಿದೆವು.

ಕೂಸಿನ ಅಮ್ಮ ಮಾತ್ರ ಏನೂ ಹೇಳದೆ ಕೂತುಬಿಟ್ಟರು. ಅವರು ಕೆಲಸಕ್ಕೆ ಮರಳಿ ಜಾಸ್ತಿ ದಿನವೂ ಆಗಿಲ್ಲ. ಬೆಳಿಗ್ಗೆ ಎಂಟಕ್ಕೆ ಬಿಡಬೇಕು, ಸಂಜೆ ಆರಕ್ಕೆ ಕರೆದುಕೊಂಡು ಹೋಗುತ್ತಾರೆ. ಒಂದು ವರ್ಷದೊಳಗಿನ ಮಗುವನ್ನು ಇಟ್ಟುಕೊಳ್ಳುವವರು ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಕ್ಯಾತ್ಸಂದ್ರ ಪ್ಲೇಹೋಮ್
ನಮ್ಮಲ್ಲಿ ಎರಡು ವರ್ಷ ಮೇಲ್ಪಟ್ಟವರು ಮಾತ್ರ. ಅವಳಿಗಳಿಗೆ ಏಪ್ರಿಲ್, ಮೇ ಬೇಸಿಗೆ ಬ್ಯಾಚ್‌ನಲ್ಲಿ ಎರಡು ಜಾಗ ಇಡಬಲ್ಲೆ. ಬೆಳಿಗ್ಗೆ ಒಂಬತ್ತರಿಂದ ಎರಡರವರೆಗೆ ಮಾತ್ರ. ಅವರ ಅಮ್ಮನಿಗೆ ಹೊಂದುತ್ತದಾ ಕೇಳಿ.

ಸರಸ್ವತಿಪುರಂ ಅಜ್ಜಿ
ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ನರ್ಸ್ ಆಗಿ ನಿವೃತ್ತಿಯಾಗಿದ್ದಾರೆ. ಒಂದೇ ಒಂದು ಮಗು ಆದರೆ ನೋಡಿಕೊಳ್ಳುತ್ತೇನೆ ಅಂತ ಮೊನ್ನೆ ಹೇಳುತ್ತಿದ್ದರು. ಕೇಳಿ ಹೇಳುತ್ತೇನೆ. ಆ ತಾಯಿ ಒಂದು ಸಲ ಬಂದು ಮನೆ ನೋಡಲಿ, ಅವರ ಗುರುತಿನ ಚೀಟಿ, ಮನೆಯಲ್ಲಿ ಯಾರ್ಯಾರು ಇದ್ದಾರೆ, ಎಲ್ಲ ವಿಚಾರಿಸಲಿ. ನನ್ನ ಮಾತೊಂದನ್ನೇ ನಂಬಿ ಮಗುವನ್ನು ಬಿಡುವುದು ಬೇಡ.

ಬಟವಾಡಿ ಮನೆ
ಅಜ್ಜಿ, ನಾಳೆಯೇ ಕೂಸಿನ ಅಮ್ಮನ ಜೊತೆ ಬರುತ್ತೇನೆ. ಹೊಂದಿದರೆ ಮಾರ್ಚ್ ಕೊನೆಯ ವಾರ ಕೂಸನ್ನು ದಿನಾ ಸ್ವಲ್ಪ ಹೊತ್ತು ನಾನೇ ಅಲ್ಲಿಗೆ ಕರೆದುಕೊಂಡು ಬಂದು ಕೂರುತ್ತೇನೆ. ಆ ಹೊತ್ತು ಉಳಿದ ಮಕ್ಕಳನ್ನು ಮರಳೂರಿನ ಅಕ್ಕ ನೋಡಿಕೊಳ್ಳುತ್ತಾರೆ.

ಕೋರ್ಟ್ ರಸ್ತೆ
ಮರೆಯುವ ಮೊದಲು ಹೇಳುತ್ತೇನೆ. ಸೇರಿಸುವಾಗ ತೆಗೆದುಕೊಂಡ ಆಧಾರ್ ಪ್ರತಿ, ಲಸಿಕೆ ಕಾರ್ಡ್ ಪ್ರತಿ, ಕರೆದುಕೊಂಡು ಹೋಗುವವರ ಫೋಟೋ ಎಲ್ಲ ಅವರವರಿಗೆ ವಾಪಸ್ ಕೊಡಿ. ಫೋನಿನಲ್ಲಿರುವ ಮಕ್ಕಳ ಫೋಟೋಗಳನ್ನು ಪೋಷಕರಿಗೆ ಕಳಿಸಿ ನಿಮ್ಮಲ್ಲಿ ಅಳಿಸಿ. ಫೀಸ್ ಲೆಕ್ಕದ ಪುಸ್ತಕ ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಬಟವಾಡಿ ಮನೆ
ಫೋಟೋ ವಿಷಯ ನನಗೆ ಹೊಳೆದೇ ಇರಲಿಲ್ಲ ಸರ್. ಒಂದೊಂದು ಮಗುವಿಗೆ ಒಂದು ಕವರ್ ಮಾಡುತ್ತೇನೆ. ಬರೆದ ಪುಟ, ಕಾರ್ಡ್ ಪ್ರತಿ, ಲೆಕ್ಕದ ಚೀಟಿ ಅದರಲ್ಲೇ ಹಾಕುತ್ತೇನೆ.

ಹೊಸ ಅಮ್ಮ
ಆ ಪುಟದ ಮಾದರಿ ಇಲ್ಲಿ ಹಾಕುತ್ತೀರಾ ಅಕ್ಕ? ನಾನೇ ನನ್ನ ಮಗನಿಗೆ ಬರೆದು ಶಿರಾ ಗೇಟ್ ಆಂಟಿಗೆ ಕೊಡಬೇಕು.

ಬಟವಾಡಿ ಮನೆ
ಇವತ್ತು ರಾತ್ರಿ ಮಕ್ಕಳು ಹೋದ ಮೇಲೆ ಬರೆದು ಹಾಕುತ್ತೇನೆ.